ಗಲ್ಲಾದ ಕಂಪ್ಯೂಟರಿಗೆ ಹಾಟ್‌ಕೀ ಕಾಟ: ಕಮಾಂಡ್ ಪ್ರಾಂಪ್ಟ್‌ನಿಂದ ಹಿಡ್‌ಸರ್ವ್ ಹತೋಟಿ

ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಗಲ್ಲಾ ಎಂದರೆ ಎರಡು ಮೊಳದ ಜಾಗ. ಅದರಲ್ಲೇ ಬಿಲ್ಲಿನ ಕಂಪ್ಯೂಟರ್, ಪ್ರಿಂಟರ್, ಸೋಂಪಿನ ಬಟ್ಟಲು, ಚಿಲ್ಲರೆ ಡಬ್ಬ, ಹಣ ಬಂತೆಂದು ಕೂಗುವ ಯುಪಿಐ ಪೆಟ್ಟಿಗೆ ಎಲ್ಲವೂ ಇರಬೇಕು. ಮಧ್ಯಾಹ್ನ ಒಂದು ಗಂಟೆಯ ನೂಕುನುಗ್ಗಲಿನಲ್ಲಿ ಯಾರೋ ಪಾರ್ಸೆಲ್ ಚೀಲವನ್ನು ಕೀಬೋರ್ಡಿನ ಅಂಚಿಗೆ ಇಡುತ್ತಾರೆ. ಮೇಲಿನ ಸಾಲಿನ ಹಾಟ್‌ಕೀ, ಅಂದರೆ ಒತ್ತಿದೊಡನೆ ಒಂದು ಕೆಲಸ ನಡೆಸುವ ವಿಶೇಷ ಗುಂಡಿ, ಒತ್ತಿಹೋಗುತ್ತದೆ, ಬಿಲ್ಲಿನ ಮೇಲೆ ಕ್ಯಾಲ್ಕ್ಯುಲೇಟರ್ ತೆರೆದುಕೊಳ್ಳುತ್ತದೆ. ಗಲ್ಲಾದಲ್ಲಿ ಕುಳಿತವರು ತೆರೆಯತ್ತ ನೋಡದೆ ಅಂಕಿ ಒತ್ತುವ ಅಭ್ಯಾಸದವರು. ಅಂಕಿಗಳೆಲ್ಲ ಬಿಲ್ಲಿಗೆ ಹೋಗುವ ಬದಲು ಕ್ಯಾಲ್ಕ್ಯುಲೇಟರಿಗೆ ಹೋಗುತ್ತವೆ. ಕನ್ನಡ ಸಂಘಗಳ ಸಭಾಂಗಣಗಳಲ್ಲಿ ಇದರದೇ ಇನ್ನೊಂದು ರೂಪ: ತಾಳಮದ್ದಳೆಯ ಧ್ವನಿಮುದ್ರಣ ಕೇಳಿಸುತ್ತಿರುವಾಗ ಯಾರದೋ ಅಂಗಿಯ ತೋಳು ಕೀಬೋರ್ಡಿನ ಧ್ವನಿಚಕ್ರಕ್ಕೆ ತಾಗಿ ಸಭೆ ಒಮ್ಮೆಲೇ ನಿಶ್ಶಬ್ದವಾಗುತ್ತದೆ.

ಎರಡಕ್ಕೂ ಹಿನ್ನೆಲೆಯಲ್ಲಿ ಕೆಲಸ ಮಾಡುವುದು ವಿಂಡೋಸ್‌ನ ಒಂದು ಸಣ್ಣ ಸರ್ವಿಸ್, ಅಂದರೆ ತೆರೆಯ ಮೇಲೆ ಕಾಣದೆ ಕೆಲಸ ಮಾಡುವ ತಂತ್ರಾಂಶ. ಹೆಸರು ಹ್ಯೂಮನ್ ಇಂಟರ್‌ಫೇಸ್ ಡಿವೈಸ್ ಸರ್ವಿಸ್. ಎಕ್ಸ್‌ಪಿ ಮತ್ತು ವಿಂಡೋಸ್ 7ರಲ್ಲಿ ಕೊನೆಯ ಪದ ಸರ್ವಿಸ್ ಆಗಿರಲಿಲ್ಲ, ಆಕ್ಸೆಸ್ ಎಂದಿತ್ತು. ಹಳೆಯ ಯಂತ್ರದಲ್ಲಿ ಹುಡುಕುವವರು ಇದನ್ನು ನೆನಪಿಡಬೇಕು. ಒಳಗಿನ ಹೆಸರು ಮಾತ್ರ ಎಲ್ಲ ಆವೃತ್ತಿಗಳಲ್ಲೂ ಒಂದೇ: ಹಿಡ್‌ಸರ್ವ್. ಅದನ್ನು ಮೌಸ್ ಮುಟ್ಟದೆ, ಕಮಾಂಡ್ ಪ್ರಾಂಪ್ಟ್ ಎಂಬ, ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿಯಿಂದಲೇ ವಿಚಾರಿಸುವುದು, ನಿಲ್ಲಿಸುವುದು, ಮತ್ತೆ ಎಬ್ಬಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಸರ್ವಿಸಸ್ ಎಂಬ ಕಿಟಕಿ ತೆರೆದು ಮೌಸ್‌ನಿಂದಲೂ ಇದನ್ನು ಮಾಡಬಹುದು ನಿಜ. ಆದರೆ ಡೊಂಬಿವಲಿಯಲ್ಲಿರುವ ಹೋಟೆಲಿನ ಮ್ಯಾನೇಜರಿಗೆ ಫೋನಿನಲ್ಲಿ "ಆ ಪಟ್ಟಿಯಲ್ಲಿ ಕೆಳಗೆ ಹೋಗಿ, ಇನ್ನೂ ಕೆಳಗೆ, ಎಡಕ್ಕೆ ನೋಡಿ" ಎಂದು ಹೇಳುವುದಕ್ಕಿಂತ ಮೂರು ಪದಗಳನ್ನು ಅಕ್ಷರ ಬಿಡಿಸಿ ಬರೆಸುವುದು ಎಷ್ಟೋ ಸಲೀಸು. ಬರೆದುಕೊಂಡ ಚೀಟಿ ಗಲ್ಲಾದ ಡ್ರಾಯರಿನಲ್ಲಿ ಮುಂದಿನ ಸಲಕ್ಕೂ ಉಳಿಯುತ್ತದೆ.

ಹಾಗೆ ಬರೆಸುವ ಕ್ರಮದಲ್ಲಿಯೇ ಇಲ್ಲೂ ಆಜ್ಞೆಗಳನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಸರ್ವಿಸ್‌ನ ಹೆಸರಿಗೆ ಏಳು ಅಕ್ಷರ: ಎಚ್, ಐ, ಡಿ, ಎಸ್, ಇ, ಆರ್, ವಿ. ನಡುವೆ ಜಾಗ ಬಿಡಬಾರದು. ದೊಡ್ಡಕ್ಷರ, ಸಣ್ಣಕ್ಷರ ಯಾವುದಾದರೂ ನಡೆಯುತ್ತದೆ. ಕನ್ನಡ ಅಥವಾ ಮರಾಠಿ ಕೀಲಿವಿನ್ಯಾಸದಲ್ಲಿ ಟೈಪ್ ಮಾಡುತ್ತಿದ್ದವರು ಮೊದಲು ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬದಲಾಯಿಸಿಕೊಳ್ಳಿ.

ಈ ಸರ್ವಿಸ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

"ಕೀಬೋರ್ಡಿನ ಸರ್ವಿಸ್ ನಿಲ್ಲಿಸಿದರೆ ಟೈಪಿಂಗ್ ನಿಂತುಹೋಗುವುದಿಲ್ಲವೇ? ಆಮೇಲೆ ಅದನ್ನು ಚಾಲೂ ಮಾಡುವುದು ಹೇಗೆ?" ಎಂದು ಎಲ್ಲರೂ ಮೊದಲು ಕೇಳುತ್ತಾರೆ. ನ್ಯಾಯವಾದ ಭಯ, ಆದರೆ ಆಧಾರವಿಲ್ಲದ್ದು.

ಯುಎಸ್‌ಬಿ ಕೀಬೋರ್ಡ್ ತನ್ನ ಒಂದೊಂದು ಗುಂಡಿಯನ್ನೂ ಕಂಪ್ಯೂಟರಿಗೆ ಪುಟ ಮತ್ತು ಸಂಖ್ಯೆಯ ಲೆಕ್ಕದಲ್ಲಿ ಪರಿಚಯಿಸುತ್ತದೆ. ಯುಎಸ್‌ಬಿ ಸಾಧನಗಳಿಗೆಂದು ರೂಪಿಸಿದ ಮಾನದಂಡದಲ್ಲಿ 7ನೇ ಪುಟ ಅಕ್ಷರ, ಅಂಕಿ, ಎಂಟರ್‌ನಂಥ ಸಾಮಾನ್ಯ ಕೀಲಿಗಳದ್ದು. 12ನೇ ಪುಟದಲ್ಲಿ ಧ್ವನಿ ಏರಿಕೆ, ಇಳಿಕೆ, ಮ್ಯೂಟ್, ಹಾಡು ನಿಲ್ಲಿಸುವುದು, ಮೇಲ್, ಕ್ಯಾಲ್ಕ್ಯುಲೇಟರ್ ಇತ್ಯಾದಿ. 7ನೇ ಪುಟದ ಒತ್ತುಗಳನ್ನು ವಿಂಡೋಸ್‌ನ ತಿರುಳಿನಲ್ಲಿರುವ ಚಾಲಕ ತಂತ್ರಾಂಶವೇ ನೇರವಾಗಿ ಸ್ವೀಕರಿಸುತ್ತದೆ. ಅದಕ್ಕೆ ಹಿಡ್‌ಸರ್ವ್ ಬೇಕಿಲ್ಲ. 12ನೇ ಪುಟದ ಒತ್ತುಗಳನ್ನು ಕೇಳಿಸಿಕೊಂಡು ಅದನ್ನು ವಿಂಡೋಸ್‌ಗೆ ಅರ್ಥವಾಗುವ ಧ್ವನಿ ಕೀಲಿ, ಮೇಲ್ ಕೀಲಿಗಳನ್ನಾಗಿ ಮಾಡಿಕೊಡುವುದು ಮಾತ್ರ ಹಿಡ್‌ಸರ್ವ್‌ನ ಕೆಲಸ. ಹಾಗಾಗಿ ಅದನ್ನು ನಿಲ್ಲಿಸಿದರೂ ಟೈಪಿಂಗ್, ಮೌಸ್ ಎರಡೂ ಎಂದಿನಂತೆ ಇರುತ್ತವೆ.

ಕಿರಾಣಿ ಅಂಗಡಿಯವರಿಗೆ ಇದರಿಂದ ಇನ್ನೊಂದು ಸಮಾಧಾನ. ಬಾರ್‌ಕೋಡ್ ಓದುವ ಯಂತ್ರಗಳು ಹೆಚ್ಚಾಗಿ ಕೀಬೋರ್ಡಿನ ಸೋಗಿನಲ್ಲೇ ಕೆಲಸ ಮಾಡುತ್ತವೆ, ಅಂದರೆ ಅಂಕಿಗಳನ್ನು ಟೈಪ್ ಮಾಡಿದಂತೆ ಕಳಿಸುತ್ತವೆ. ಅವಕ್ಕೆ ತೊಂದರೆಯಿಲ್ಲ. ಭಾಷಣಕಾರರು ಕೈಯಲ್ಲಿ ಹಿಡಿದು ಸ್ಲೈಡ್ ಬದಲಿಸುವ ರಿಮೋಟ್ ಕೂಡ ಸಾಮಾನ್ಯವಾಗಿ ಪೇಜ್ ಅಪ್, ಪೇಜ್ ಡೌನ್ ಕೀಲಿಗಳನ್ನೇ ಕಳಿಸುತ್ತದೆ, ಅದೂ ನಡೆಯುತ್ತದೆ. ನಿಲ್ಲುವುದು ಯುಎಸ್‌ಬಿ ಹೆಡ್‌ಫೋನಿನ ತಂತಿಯಲ್ಲಿರುವ ಧ್ವನಿ ಗುಂಡಿಗಳು, ಕೀಬೋರ್ಡಿನ ಧ್ವನಿಚಕ್ರ, ಹಾಡು ಬದಲಿಸುವ ಗುಂಡಿಗಳು. ಮಕ್ಕಳ ಆನ್‌ಲೈನ್ ಪಾಠಕ್ಕೂ ಅದೇ ಯಂತ್ರ ಬಳಸುವ ಮನೆಯಾದರೆ ಇದನ್ನು ಮೊದಲೇ ಯೋಚಿಸಿ.

ಬಾಗಿಲು ತೆರೆಯುವುದು

ವಿಂಡೋಸ್ ಕೀಲಿ ಒತ್ತಿ, ಸಿ, ಎಂ, ಡಿ ಎಂಬ ಮೂರು ಅಕ್ಷರ ಟೈಪ್ ಮಾಡಿ. ಕಮಾಂಡ್ ಪ್ರಾಂಪ್ಟ್ ಕಾಣಿಸಿದಾಗ ಬರಿಯ ಎಂಟರ್ ಒತ್ತಬೇಡಿ. ಕಂಟ್ರೋಲ್ ಮತ್ತು ಶಿಫ್ಟ್ ಹಿಡಿದು ಎಂಟರ್ ಒತ್ತಿ. ಅನುಮತಿ ಕೇಳುವ ಪೆಟ್ಟಿಗೆಗೆ ಯೆಸ್ ಎನ್ನಿ. ತೆರೆದ ಕಿಟಕಿಯ ನೆತ್ತಿಯಲ್ಲಿ ಅಡ್ಮಿನಿಸ್ಟ್ರೇಟರ್ ಎಂದಿರಬೇಕು. ಇಲ್ಲದಿದ್ದರೆ ವಿಚಾರಿಸುವ ಆಜ್ಞೆಗಳು ಮಾತ್ರ ನಡೆಯುತ್ತವೆ, ನಿಲ್ಲಿಸುವ ಆಜ್ಞೆ ಕೊಟ್ಟ ಕೂಡಲೇ 5ನೇ ಸಂಖ್ಯೆಯ ದೋಷ, ಅಂದರೆ ಪ್ರವೇಶ ನಿರಾಕರಣೆ ಬರುತ್ತದೆ. ಗಲ್ಲಾದ ಯಂತ್ರಗಳಲ್ಲಿ ಮಾಲೀಕರು ಬೇರೆ ಪಾಸ್‌ವರ್ಡ್ ಇಟ್ಟಿರುವುದುಂಟು. ಹಾಗಿದ್ದರೆ ಅವರು ಬಂದ ಮೇಲೆಯೇ ಮುಂದಿನ ಕೆಲಸ.

ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಆಜ್ಞೆ ಕೊಡಲು ವಿಂಡೋಸ್‌ನಲ್ಲಿರುವ ಇನ್ನೊಂದು ಕಿಟಕಿ, ನೀಲಿ ಬಣ್ಣದ ಪವರ್‌ಶೆಲ್‌ನಲ್ಲಿ ಕೆಳಗಿನ ಆಜ್ಞೆಗಳನ್ನು ಹಾಗೆಯೇ ಕೊಡಬೇಡಿ. ವಿಂಡೋಸ್ ಜೊತೆಗೇ ಬರುವ ಪವರ್‌ಶೆಲ್ 5.1ರಲ್ಲಿ ಎಸ್‌ಸಿ ಎಂಬ ಎರಡಕ್ಷರ ಬೇರೆಯೇ ಆಜ್ಞೆಯ ಅಡ್ಡಹೆಸರು, ಕಡತದಲ್ಲಿ ಬರೆಯುವ ಸೆಟ್-ಕಂಟೆಂಟ್‌ನದು. ಅಲ್ಲಿ ನೀವು ಸರ್ವಿಸ್‌ನ ಸ್ಥಿತಿ ಕೇಳಿದರೆ ಅದು ಕ್ವೆರಿ ಎಂಬ ಹೆಸರಿನ ಕಡತವೊಂದನ್ನು ಸೃಷ್ಟಿಸಿ, ಅದರೊಳಗೆ ಹಿಡ್‌ಸರ್ವ್ ಎಂದು ಬರೆದು, ತುಟಿಪಿಟಕ್ಕೆನ್ನದೆ ಕೂರುತ್ತದೆ. ದೋಷವೂ ಇಲ್ಲ, ಉತ್ತರವೂ ಇಲ್ಲ. ಪವರ್‌ಶೆಲ್‌ನಲ್ಲೇ ಮಾಡಬೇಕೆಂದಿದ್ದರೆ ಎಸ್‌ಸಿ ಆದ ಮೇಲೆ ಚುಕ್ಕೆ ಇಟ್ಟು ಇ, ಎಕ್ಸ್, ಇ ಸೇರಿಸಿ. ಪವರ್‌ಶೆಲ್‌ಗೆ ಅದರದೇ ಆಜ್ಞೆಗಳೂ ಇವೆ, ಮುಂದೆ ಹೇಳುತ್ತೇನೆ.

ಮೊದಲು ವಿಚಾರಣೆ

ಏನನ್ನೂ ಬದಲಿಸುವ ಮುಂಚೆ ಈಗ ಹೇಗಿದೆ ಎಂದು ನೋಡಿ, ಕಾಗದದಲ್ಲಿ ಬರೆದಿಡಿ. ಮೊದಲ ಆಜ್ಞೆ:

ಎಸ್‌ಸಿ ಕ್ವೆರಿ ಹಿಡ್‌ಸರ್ವ್

ಎಸ್, ಸಿ, ಜಾಗ, ಕ್ಯೂ, ಯು, ಇ, ಆರ್, ವೈ, ಜಾಗ, ಸರ್ವಿಸ್‌ನ ಏಳಕ್ಷರ, ಎಂಟರ್. ಆರೇಳು ಸಾಲು ಬರುತ್ತವೆ, ನಮಗೆ ಬೇಕಾದ್ದು ಸ್ಟೇಟ್ ಎಂಬ ಸಾಲು. ಅಲ್ಲಿ 4 ಇದ್ದರೆ ಸರ್ವಿಸ್ ನಡೆಯುತ್ತಿದೆ, 1 ಇದ್ದರೆ ನಿಂತಿದೆ. 2 ಮತ್ತು 3 ಎಂದರೆ ಏಳುತ್ತಿದೆ ಅಥವಾ ನಿಲ್ಲುತ್ತಿದೆ; ಸ್ವಲ್ಪ ತಡೆದು ಮತ್ತೆ ಕೇಳಿ. 1060 ಎಂಬ ದೋಷ ಬಂದರೆ ಆ ಹೆಸರಿನ ಸರ್ವಿಸ್ ಇಲ್ಲ ಎಂದರ್ಥ, ಅಂದರೆ ಹತ್ತರಲ್ಲಿ ಒಂಬತ್ತು ಸಲ ಕಾಗುಣಿತ ತಪ್ಪಿದೆ. ಎರಡನೆಯ ಅಕ್ಷರವನ್ನು ಐ ಬದಲು ವೈ ಎಂದು ಕೇಳಿಸಿಕೊಳ್ಳುವವರು ಬಹಳ.

ಎರಡನೆಯ ಆಜ್ಞೆಯಲ್ಲಿ ಕ್ವೆರಿಯ ಜಾಗದಲ್ಲಿ ಕ್ಯೂ, ಸಿ ಎಂಬ ಎರಡೇ ಅಕ್ಷರ:

ಎಸ್‌ಸಿ ಕ್ಯೂಸಿ ಹಿಡ್‌ಸರ್ವ್

ಇದು ಸರ್ವಿಸ್‌ನ ಜಾತಕ ತೋರಿಸುತ್ತದೆ. ಸ್ಟಾರ್ಟ್ ಟೈಪ್ ಎಂಬ ಸಾಲು ನೋಡಿ: 2 ಎಂದರೆ ತಾನಾಗಿ ಶುರುವಾಗುವುದು, 3 ಎಂದರೆ ಬೇಕೆಂದಾಗ ಶುರುವಾಗುವುದು, 4 ಎಂದರೆ ಪೂರ್ತಿ ನಿಷೇಧ. ವಿಂಡೋಸ್ 10 ಮತ್ತು 11ರಲ್ಲಿ ಕಂಪನಿಯಿಂದ ಬಂದಂತೆ ಇದ್ದರೆ 3 ಇರುತ್ತದೆ. ಯಾರೋ ಎಂದೋ ಕೈಯಾಡಿಸಿ 4 ಮಾಡಿಟ್ಟಿದ್ದರೆ ಇಲ್ಲೇ ಗೊತ್ತಾಗುತ್ತದೆ. "ಕಂಪ್ಯೂಟರ್ ವೇಗವಾಗಲು ನಿಲ್ಲಿಸಬೇಕಾದ ಸರ್ವಿಸ್‌ಗಳು" ಎಂಬ ಪಟ್ಟಿ ಹಿಡಿದು ಹೊರಟ ಹುಡುಗರ ಕೈಗೆ ಸಿಕ್ಕಿದ ಯಂತ್ರಗಳಲ್ಲಿ ಇದು ಸಾಮಾನ್ಯ. ಹಿಡ್‌ಸರ್ವ್ ನಿಲ್ಲಿಸಿದ್ದರಿಂದ ವೇಗ ಹೆಚ್ಚಿದ ಯಂತ್ರವನ್ನು ನಾನು ನೋಡಿಲ್ಲ.

3 ಎಂದಿದ್ದೂ ಅದು ಯಾರೂ ಕೇಳದೆ ಏಳುತ್ತದಲ್ಲ, ಏಕೆ? ಉತ್ತರ ಮೂರನೆಯ ಆಜ್ಞೆಯಲ್ಲಿದೆ. ಎಸ್‌ಸಿ ನಂತರ ಕ್ಯೂ, ಆಮೇಲೆ ಟ್ರಿಗರ್‌ಇನ್ಫೋ ಎಂದು ಒಂದೇ ಪದವಾಗಿ ಟೈಪ್ ಮಾಡಿ, ಜಾಗ ಬಿಟ್ಟು ಹಿಡ್‌ಸರ್ವ್ ಎಂದು ಕೊಡಿ. ಡಿವೈಸ್ ಇಂಟರ್‌ಫೇಸ್ ಅರೈವಲ್ ಎಂಬ ಸಾಲೂ ಅದರ ಪಕ್ಕ ಉದ್ದದ ಗುರುತುಸಂಖ್ಯೆಯೂ ಕಾಣುತ್ತವೆ. ಹೊಸ ಕೀಬೋರ್ಡ್, ಮೌಸ್, ಹೆಡ್‌ಫೋನ್ ಚುಚ್ಚಿದ ಕೂಡಲೇ ಸರ್ವಿಸ್ ಎಚ್ಚರವಾಗಬೇಕೆಂಬ ಏರ್ಪಾಡು ಅದು. ಕಂಪ್ಯೂಟರ್ ಶುರುವಾಗುವಾಗ ಸಾಧನ ಮೊದಲೇ ಚುಚ್ಚಿದ್ದರೂ ಇದೇ ಏರ್ಪಾಡು ಕೆಲಸ ಮಾಡುತ್ತದೆ. ಬರಿಯ ನಿಲ್ಲಿಸುವಿಕೆ ಏಕೆ ಬಾಳುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ತಾತ್ಕಾಲಿಕವಾಗಿ ನಿಲ್ಲಿಸುವುದು

ನೆಟ್ ಸ್ಟಾಪ್ ಹಿಡ್‌ಸರ್ವ್

ಎಸ್‌ಸಿ ಸ್ಟಾಪ್ ಎಂದೂ ಹೇಳಬಹುದು. ವ್ಯತ್ಯಾಸವಿಷ್ಟೆ: ಎಸ್‌ಸಿ ಕೋರಿಕೆ ಮುಟ್ಟಿಸಿ ಮರಳಿಬಿಡುತ್ತದೆ, ಸರ್ವಿಸ್ ನಿಂತಿತೋ ಇಲ್ಲವೋ ಎಂದು ಕಾಯುವುದಿಲ್ಲ. ನೆಟ್ ಮಾತ್ರ ನಿಲ್ಲುವ ತನಕ ಕಾದು, ನಿಂತಿತು ಎಂದು ಹೇಳಿಯೇ ಮರಳುತ್ತದೆ. ಫೋನಿನಲ್ಲಿ ಹೇಳಿಕೊಡುವಾಗ ನೆಟ್ ವಾಸಿ, ಏಕೆಂದರೆ ಆ ಕಡೆಯವರು ಓದಿ ಹೇಳಲು ಒಂದು ಪೂರ್ಣ ವಾಕ್ಯ ಸಿಗುತ್ತದೆ.

ನಿಂತ ಮೇಲೆ ಧ್ವನಿ ಗುಂಡಿ ಒತ್ತಿ ನೋಡಿ. ತೆರೆಯ ಮೇಲೆ ಧ್ವನಿಯ ಪಟ್ಟಿ ಬರಬಾರದು. ಬಂತೆಂದರೆ ಆ ಗುಂಡಿ ಹಿಡ್‌ಸರ್ವ್ ದಾರಿಯಿಂದ ಬರುತ್ತಿಲ್ಲ ಎಂದರ್ಥ, ಅದರ ವಿಷಯ ಕೊನೆಯಲ್ಲಿದೆ.

ಈ ನಿಲುಗಡೆ ಆ ಹೊತ್ತಿನದ್ದು. ಯಂತ್ರವನ್ನು ರೀಸ್ಟಾರ್ಟ್ ಮಾಡಿದರೆ, ಅಥವಾ ಕೀಬೋರ್ಡ್ ತಂತಿಯನ್ನು ಕಿತ್ತು ಮತ್ತೆ ಚುಚ್ಚಿದರೆ, ಸರ್ವಿಸ್ ಪುನಃ ಏಳಬಹುದು. ಕೆಲವೊಮ್ಮೆ ಅಷ್ಟೇ ಸಾಕು. ಫಿಲ್ಟರ್ ಕಾಫಿ ಚೆಲ್ಲಿ ಧ್ವನಿಚಕ್ರ ಅಂಟಿಕೊಂಡು, ಮ್ಯೂಟ್ ತಾನೇ ತಾನಾಗಿ ಬಂದು ಹೋಗುತ್ತಿದ್ದರೆ ಮಾಡಬೇಕಾದ ನಿಜವಾದ ಕೆಲಸ ಕೀಬೋರ್ಡ್ ಬದಲಿಸುವುದು. ಸಂಜೆ ಗ್ರಾಂಟ್ ರೋಡಿನಲ್ಲಿಳಿದು ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಹೊಸದನ್ನು ತರುವ ತನಕ ಕೆಲಸ ಸಾಗಿಸಲು ಈ ಒಂದು ಆಜ್ಞೆ ಸಾಕಾಗುತ್ತದೆ. ತರುವಾಗ ಮೇಲಿನ ಸಾಲಿನಲ್ಲಿ ವಿಶೇಷ ಗುಂಡಿಗಳೇ ಇಲ್ಲದ ಸಾದಾ ಕೀಬೋರ್ಡ್ ಕೇಳಿ. ಗಲ್ಲಾಕ್ಕೆ ಅದೇ ಸರಿ, ಬೆಲೆಯೂ ಕಡಿಮೆ.

ಟಾಸ್ಕ್ ಮ್ಯಾನೇಜರ್ ತೆರೆದು ಪ್ರಕ್ರಿಯೆಯನ್ನೇ ಕೊಲ್ಲುವವರೂ ಇದ್ದಾರೆ. ಅದು ಬೇಡ. ಹಿಡ್‌ಸರ್ವ್ ಸ್ವಂತ ಪ್ರೋಗ್ರಾಮ್ ಅಲ್ಲ, ವಿಂಡೋಸ್‌ನ ಸಿಸ್ಟಮ್32 ಫೋಲ್ಡರಿನಲ್ಲಿರುವ ಒಂದು ಡಿಎಲ್ಎಲ್, ಅಂದರೆ ಬೇರೆ ಪ್ರೋಗ್ರಾಮಿನೊಳಗೆ ಸೇರಿ ಕೆಲಸ ಮಾಡುವ ಕಡತ. ಎಸ್‌ವಿಸಿಹೋಸ್ಟ್ ಎಂಬ ಪ್ರಕ್ರಿಯೆಯೊಳಗೆ ಬಾಡಿಗೆಗಿರುತ್ತದೆ. ವಿಂಡೋಸ್ 10ರ 1703ನೇ ಆವೃತ್ತಿಯಿಂದ ಈಚೆಗೆ, 3.5 ಜಿಬಿಗಿಂತ ಹೆಚ್ಚು ಸ್ಮೃತಿ (ರ್ಯಾಮ್) ಉಳ್ಳ ಯಂತ್ರಗಳಲ್ಲಿ, ಹೆಚ್ಚಿನ ಸರ್ವಿಸ್‌ಗಳಿಗೆ ಪ್ರತ್ಯೇಕ ಮನೆ ಸಿಕ್ಕಿತು. ಅದಕ್ಕಿಂತ ಹಳೆಯ ಅಥವಾ ಚಿಕ್ಕ ಯಂತ್ರದಲ್ಲಿ ಹಲವು ಸರ್ವಿಸ್‌ಗಳು ಗಿರಗಾಂವದ ಚಾಳಿನಂತೆ ಒಂದೇ ಸೂರಿನಡಿ ಇರುತ್ತವೆ, ಒಬ್ಬ ಬಾಡಿಗೆದಾರನ ಮೇಲಿನ ಸಿಟ್ಟಿಗೆ ಇಡೀ ಚಾಳಿನ ನೀರು ಕಡಿದರೆ ಏನಾಗುತ್ತದೋ ಅದೇ ಆಗುತ್ತದೆ. ಗಲ್ಲಾದ ಯಂತ್ರಗಳಲ್ಲಿ 2 ಜಿಬಿಯವು ಇನ್ನೂ ಉಸಿರಾಡುತ್ತಿವೆ.

ಖಾಯಮ್ಮಾಗಿ ನಿಲ್ಲಿಸುವುದು, ಮತ್ತು ಅದಕ್ಕಿಂತ ಒಳ್ಳೆಯ ದಾರಿ

ರೀಸ್ಟಾರ್ಟ್ ಆದ ಮೇಲೂ ಏಳಬಾರದೆಂದರೆ:

ಎಸ್‌ಸಿ ಕಾನ್ಫಿಗ್ ಹಿಡ್‌ಸರ್ವ್ ಸ್ಟಾರ್ಟ್= ಡಿಸೇಬಲ್ಡ್

ಇದರಲ್ಲಿ ಸಮ ಚಿಹ್ನೆಯ ಸ್ಥಾನವೇ ಮುಖ್ಯ. ಸ್ಟಾರ್ಟ್ ಎಂಬ ಪದಕ್ಕೆ ಸಮ ಚಿಹ್ನೆ ಅಂಟಿಕೊಂಡಿರಬೇಕು, ಚಿಹ್ನೆಯ ನಂತರ ಒಂದು ಜಾಗ ಬೇಕು. ಬಹಳ ಹಿಂದಿನಿಂದ ಬಂದ ವಿಚಿತ್ರ ಪದ್ಧತಿ ಇದು. ಈ ನಿಯಮ ಮೀರಿದರೆ ಆಜ್ಞೆಯ ಬದಲು ಅದನ್ನು ಬಳಸುವ ವಿಧಾನದ ಉದ್ದನೆಯ ವಿವರಣೆ ಕಣ್ಣೆದುರು ಸುರಿಯಬಹುದು. ಸರಿಯಾಗಿದ್ದರೆ ಸಕ್ಸೆಸ್ ಎಂದು ಕೊನೆಗೊಳ್ಳುವ ಒಂದೇ ಸಾಲು ಬರುತ್ತದೆ.

ಆದರೆ ನಿಷೇಧ ಹೇರಿದ ಮಾತ್ರಕ್ಕೆ ಈಗ ನಡೆಯುತ್ತಿರುವ ಸರ್ವಿಸ್ ನಿಲ್ಲುವುದಿಲ್ಲ. ಅದು ಇನ್ನು ಮುಂದೆ ಶುರುವಾಗಬಾರದು ಎಂಬ ಅಪ್ಪಣೆ ಅಷ್ಟೇ. ನೆಟ್ ಸ್ಟಾಪ್ ಅನ್ನೂ ಕೊಡಬೇಕು.

ಬೇಸರವಾಗಿ ಹಳೆಯ ಸ್ಥಿತಿಗೆ ಮರಳಬೇಕೆನಿಸಿದಾಗ ಡಿಸೇಬಲ್ಡ್ ಜಾಗದಲ್ಲಿ ಡಿಮ್ಯಾಂಡ್ ಎಂದು ಬರೆದು ಅದೇ ಆಜ್ಞೆ ಕೊಡಿ, ಆಮೇಲೆ ನೆಟ್ ಸ್ಟಾರ್ಟ್ ಹಿಡ್‌ಸರ್ವ್. ಈ ಕ್ರಮ ತಿರುಗಿಸಿದರೆ 1058 ಎಂಬ ದೋಷ ಬರುತ್ತದೆ: ನಿಷೇಧದಲ್ಲಿರುವ ಸರ್ವಿಸ್ ಅನ್ನು ಎಬ್ಬಿಸಲಾಗದು. ಸಾಧನ ಚುಚ್ಚಿದಾಗ ಏಳುವ ಏರ್ಪಾಡು ಈ ನಡುವೆ ಅಳಿದುಹೋಗಿರುವುದಿಲ್ಲ, ಅದನ್ನು ಬೇರೆಯಾಗಿ ಸೇರಿಸಬೇಕಿಲ್ಲ. ಆಟೋ ಎಂದು ಮಾಡುವ ಅಗತ್ಯವೂ ಇಲ್ಲ.

ಇಷ್ಟು ಹೇಳಿಕೊಟ್ಟ ಮೇಲೂ ನನ್ನ ಸಲಹೆ, ಖಾಯಂ ನಿಷೇಧ ಬೇಡ ಎಂದೇ. ಕಾರಣ ಇಷ್ಟು: ಇದನ್ನು ಮಾಡಿದವರು ಮರೆಯುತ್ತಾರೆ. ಆರು ತಿಂಗಳ ನಂತರ ಹೊಸ ಹೆಡ್‌ಫೋನಿನ ಗುಂಡಿ ಕೆಲಸ ಮಾಡುವುದಿಲ್ಲ, ಹೆಡ್‌ಫೋನ್ ಕೆಟ್ಟಿದೆಯೆಂದು ಅಂಗಡಿಯವನ ಜೊತೆ ಜಗಳವಾಗುತ್ತದೆ. ನಿಷೇಧಿಸಲೇಬೇಕೆಂದಿದ್ದರೆ ಮಾನಿಟರಿನ ಬೆನ್ನಿಗೆ ದಿನಾಂಕ ಸಮೇತ ಒಂದು ಚೀಟಿ ಅಂಟಿಸಿ.

ಗಲ್ಲಾದ ನಿಜವಾದ ಕಾಟ ಕ್ಯಾಲ್ಕ್ಯುಲೇಟರ್ ಗುಂಡಿ ಒಂದೇ ತಾನೇ? ಅದೊಂದನ್ನೇ ಬಾಯಿ ಮುಚ್ಚಿಸಬಹುದು, ಧ್ವನಿ ಗುಂಡಿಗಳು ಉಳಿಯುತ್ತವೆ. ಯಾವ ಗುಂಡಿಗೆ ಯಾವ ಪ್ರೋಗ್ರಾಮ್ ಎಂಬ ಪಟ್ಟಿ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿದೆ. ರೆಗ್ ಆಡ್ ಎಂಬ ಆಜ್ಞೆಯಿಂದ ಕಪ್ಪು ಕಿಟಕಿಯಲ್ಲೇ ಬದಲಿಸಲು ಸಾಧ್ಯ, ಆದರೆ ನಾನು ಅದನ್ನು ಯಾರಿಗೂ ಬರೆಸುವುದಿಲ್ಲ: ವಿಳಾಸ ಬಹಳ ಉದ್ದ, ನಡುವೆ ಒಂದಕ್ಷರ ತಪ್ಪಿದರೆ ತಕರಾರಿಲ್ಲದೆ ತಪ್ಪು ಹೆಸರಿನ ಹೊಸ ಕೋಣೆಯೊಂದನ್ನು ಕಟ್ಟಿಬಿಡುತ್ತದೆ. ಇದೊಂದಕ್ಕೆ ಮೌಸ್ ಹಿಡಿಯಿರಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ರೆಗ್‌ಎಡಿಟ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಎಡಗಡೆ ಎಚ್‌ಕೀ ಲೋಕಲ್ ಮಷೀನ್, ಅದರೊಳಗೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ಎಕ್ಸ್‌ಪ್ಲೋರರ್, ಆಪ್‌ಕೀ ಎಂದು ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಆಪ್‌ಕೀ ಒಳಗೆ ಬರಿಯ ಸಂಖ್ಯೆಗಳಿರುತ್ತವೆ. 18 ಕ್ಯಾಲ್ಕ್ಯುಲೇಟರಿನದು, 15 ಮೇಲ್ ಗುಂಡಿಯದು. 18ರ ಮೇಲೆ ಬಲಗುಂಡಿ ಒತ್ತಿ ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ಉಳಿಸಿಕೊಳ್ಳಿ. ನಂತರ ಬಲಗಡೆಯ ಶೆಲ್‌ಎಕ್ಸಿಕ್ಯೂಟ್ ಎಂಬುದನ್ನು ಎರಡು ಸಲ ಒತ್ತಿ, ಅಲ್ಲಿರುವ ಕ್ಯಾಲ್ಕ್ ಹೆಸರನ್ನು ಅಳಿಸಿ ಖಾಲಿ ಬಿಡಿ, ಓಕೆ ಒತ್ತಿ. ಒಮ್ಮೆ ಸೈನ್ ಔಟ್ ಆಗಿ ಮರಳಿ ಬಂದು ಗುಂಡಿ ಒತ್ತಿ ಪರೀಕ್ಷಿಸಿ. ಬೇಡವೆನಿಸಿದಾಗ ಉಳಿಸಿದ ಪ್ರತಿಯನ್ನು ಎರಡು ಸಲ ಒತ್ತಿದರೆ ಹಳೆಯದು ಮರಳುತ್ತದೆ. ಅಳಿಸುವ ಬದಲು ಅಲ್ಲಿ ಬಿಲ್ಲಿಂಗ್ ಪ್ರೋಗ್ರಾಮಿನ ಪೂರ್ಣ ವಿಳಾಸವನ್ನು ಬರೆದು, ಅದೇ ಗುಂಡಿಯಿಂದ ಬಿಲ್ಲಿಂಗ್ ತೆರೆಯುವಂತೆಯೂ ಮಾಡಬಹುದು. ಕಾಟದ ಗುಂಡಿಯನ್ನು ಕೆಲಸಕ್ಕೆ ಹಚ್ಚಲು ಇಷ್ಟೇ ಸಾಕು.

ತಿರುಗುಮುರುಗು ಸಮಸ್ಯೆ: ಗುಂಡಿಗಳೇ ಸತ್ತಿವೆ

ಕೆಲವರಿಗೆ ಬೇಕಾದ್ದು ಇದರ ವಿರುದ್ಧದ್ದು. ಲ್ಯಾಪ್‌ಟಾಪ್ ನಿದ್ದೆಯಿಂದೆದ್ದ ಮೇಲೆ ಹೊರಗಿನ ಕೀಬೋರ್ಡಿನ ಧ್ವನಿ ಗುಂಡಿಗಳು ಕೆಲಸ ಮಾಡುವುದಿಲ್ಲ, ಅಕ್ಷರಗಳು ಮಾತ್ರ ಬರುತ್ತವೆ. ಮೇಲೆ ಹೇಳಿದ ಎರಡು ಪುಟಗಳ ಲೆಕ್ಕ ನೆನಪಿದ್ದರೆ ಅನುಮಾನ ಎಲ್ಲಿಗೆ ಹೋಗಬೇಕೆಂಬುದು ಹೊಳೆಯುತ್ತದೆ. ಮೊದಲು ಕ್ಯೂಸಿ ಆಜ್ಞೆಯಿಂದ 4 ಇಲ್ಲವೆಂದು ಖಚಿತಪಡಿಸಿಕೊಳ್ಳಿ, ನಂತರ ಒಮ್ಮೆ ನಿಲ್ಲಿಸಿ ಎಬ್ಬಿಸಿ. ಎರಡೂ ಒಂದೇ ಸಾಲಿನಲ್ಲಿ:

ನೆಟ್ ಸ್ಟಾಪ್ ಹಿಡ್‌ಸರ್ವ್ & ನೆಟ್ ಸ್ಟಾರ್ಟ್ ಹಿಡ್‌ಸರ್ವ್

ನಡುವಿನ ಚಿಹ್ನೆ ಒಂದೇ ಇರಲಿ. ಎರಡು ಹಾಕಿದರೆ ಮೊದಲನೆಯದು ಸಫಲವಾದರೆ ಮಾತ್ರ ಎರಡನೆಯದು ನಡೆಯುತ್ತದೆ. ಸರ್ವಿಸ್ ಮೊದಲೇ ನಿಂತಿದ್ದರೆ ನಿಲ್ಲಿಸುವ ಆಜ್ಞೆ ವಿಫಲವಾಗಿ, ಎಬ್ಬಿಸುವುದು ನಡೆಯದೇ ಹೋಗುತ್ತದೆ.

ಪವರ್‌ಶೆಲ್ ಇಷ್ಟಪಡುವವರಿಗೆ ಇದೇ ಕೆಲಸ ಇನ್ನೂ ನೇರ: ಸ್ಥಿತಿ ಕೇಳಲು ಗೆಟ್-ಸರ್ವಿಸ್ ಹಿಡ್‌ಸರ್ವ್, ನಿಲ್ಲಿಸಿ ಎಬ್ಬಿಸಲು ರೀಸ್ಟಾರ್ಟ್-ಸರ್ವಿಸ್ ಹಿಡ್‌ಸರ್ವ್, ನಿಷೇಧಿಸಲು ಸೆಟ್-ಸರ್ವಿಸ್ ಹಿಡ್‌ಸರ್ವ್ ಆದ ಮೇಲೆ -ಸ್ಟಾರ್ಟ್‌ಅಪ್‌ಟೈಪ್ ಡಿಸೇಬಲ್ಡ್. ಮರಳಿ ತರಲು ಇಲ್ಲಿ ಡಿಮ್ಯಾಂಡ್ ಅಲ್ಲ, ಮ್ಯಾನ್ಯುಯಲ್ ಎನ್ನಬೇಕು.

ಮೇಲಿಂದ ಮೇಲೆ ಬೇಕಾಗುವವರು ನೋಟ್‌ಪ್ಯಾಡ್‌ನಲ್ಲಿ ನೆಟ್ ಸ್ಟಾಪ್ ಒಂದು ಸಾಲು, ನೆಟ್ ಸ್ಟಾರ್ಟ್ ಒಂದು ಸಾಲು ಬರೆದು, ಉಳಿಸುವಾಗ ಕಡತದ ಬಗೆ ಆಲ್ ಫೈಲ್ಸ್ ಎಂದು ಆರಿಸಿ, ಹೆಸರಿನ ಕೊನೆಗೆ ಚುಕ್ಕೆ ಮತ್ತು ಬಿ, ಎ, ಟಿ ಸೇರಿಸಿ ಡೆಸ್ಕ್‌ಟಾಪ್‌ನಲ್ಲಿ ಇಡಿ. ಬಳಸುವಾಗ ಬಲಗುಂಡಿ ಒತ್ತಿ ರನ್ ಆಸ್ ಅಡ್ಮಿನಿಸ್ಟ್ರೇಟರ್ ಎನ್ನಿ. ಮೂರನೆಯ ಸಾಲಾಗಿ ಪಾಸ್ ಎಂಬ ಆಜ್ಞೆ, ಅಂದರೆ ಪಿ, ಎ, ಯು, ಎಸ್, ಇ ಹಾಕಿದರೆ ಕಿಟಕಿ ತಟ್ಟನೆ ಮುಚ್ಚಿಹೋಗದೆ ಬಂದ ಉತ್ತರ ಓದಲು ಸಿಗುತ್ತದೆ.

ಘಾಟ್‌ಕೋಪರ್‌ನಲ್ಲಿ ಕುಳಿತು ಠಾಣೆಯ ಶಾಖೆಯ ಯಂತ್ರವನ್ನು ಹೀಗೆಯೇ ಆಳಬಹುದೇ ಎಂದು ಕೇಳುವವರಿದ್ದಾರೆ. ಒಂದೇ ಜಾಲದೊಳಗಿದ್ದರೆ ಎಸ್‌ಸಿ ನಂತರ ಎರಡು ಹಿಂಗೆರೆ (ಬ್ಯಾಕ್‌ಸ್ಲ್ಯಾಶ್) ಹಾಕಿ ಆ ಯಂತ್ರದ ಹೆಸರು ಬರೆದು, ಉಳಿದ ಆಜ್ಞೆಯನ್ನು ಎಂದಿನಂತೆ ಕೊಡಬಹುದು. ದೊಡ್ಡ ಕಚೇರಿಗಳಿಗೆ ಇದು ಸರಿ. ಹೋಟೆಲಿನ ಎರಡು ಶಾಖೆಗಳ ನಡುವೆ ಫೈರ್‌ವಾಲ್, ಅನುಮತಿ, ಜಾಲ ಎಂದು ಒದ್ದಾಡುವುದಕ್ಕಿಂತ ಫೋನೇ ಅಗ್ಗ.

ಹಿಡ್‌ಸರ್ವ್ ನಿಂತರೂ ಗುಂಡಿ ನಿಲ್ಲದಿದ್ದರೆ

ಎರಡು ಸಾಧ್ಯತೆಗಳಿವೆ. ಒಂದು, ಕೀಬೋರ್ಡ್ ಯುಎಸ್‌ಬಿಯದ್ದಲ್ಲ. ಹಳೆಯ ದುಂಡನೆಯ ನೇರಳೆ ಪ್ಲಗ್ಗಿನ ಪಿಎಸ್2 ಕೀಬೋರ್ಡುಗಳೂ ಬಹುತೇಕ ಲ್ಯಾಪ್‌ಟಾಪ್‌ಗಳ ಒಳಕೀಬೋರ್ಡುಗಳೂ ಧ್ವನಿ ಗುಂಡಿಯನ್ನೂ ಉಳಿದ ಅಕ್ಷರಗಳ ದಾರಿಯಲ್ಲೇ ಕಳಿಸುತ್ತವೆ. ಹಿಡ್‌ಸರ್ವ್ ಆ ದಾರಿಯಲ್ಲಿ ನಿಂತಿಲ್ಲ. ಅಂಥಲ್ಲಿ ಮೇಲಿನ ಆಪ್‌ಕೀ ಉಪಾಯ ನಡೆಯುತ್ತದೆ, ಏಕೆಂದರೆ ಅದು ಗುಂಡಿ ಯಾವ ದಾರಿಯಿಂದ ಬಂದರೂ ಕೊನೆಯಲ್ಲಿ ನೋಡುವ ಪಟ್ಟಿ.

ಇನ್ನೊಂದು, ಲ್ಯಾಪ್‌ಟಾಪ್ ಅಥವಾ ಕೀಬೋರ್ಡ್ ತಯಾರಕರು ತಮ್ಮದೇ ಹಾಟ್‌ಕೀ ಸರ್ವಿಸ್ ಹಾಕಿರುತ್ತಾರೆ. ಎಫ್‌ಎನ್ ಗುಂಡಿ ಹಿಡಿದಾಗ ತೆರೆಯ ಮೇಲೆ ಬಣ್ಣದ ಚಿತ್ರ ಮೂಡಿಸುವುದು ಸಾಮಾನ್ಯವಾಗಿ ಅದೇ. ಅದರ ಹೆಸರು ಒಂದೊಂದು ಕಂಪನಿಯಲ್ಲಿ ಒಂದೊಂದು. ಹುಡುಕಲು ಪವರ್‌ಶೆಲ್‌ನಲ್ಲಿ ಗೆಟ್-ಸರ್ವಿಸ್ -ಡಿಸ್‌ಪ್ಲೇನೇಮ್ ಎಂದು ಬರೆದು, ಹಾಟ್ ಎಂಬ ಪದವನ್ನು ಎರಡೂ ಬದಿಯಲ್ಲಿ ನಕ್ಷತ್ರ ಚಿಹ್ನೆಯ ನಡುವೆ ಕೊಡಿ. ಸಿಗದಿದ್ದರೆ ಹಾಟ್ ಬದಲು ಕೀ ಎಂದು, ಅದೂ ಅಲ್ಲದಿದ್ದರೆ ತಯಾರಕರ ಹೆಸರು ಕೊಟ್ಟು ಪ್ರಯತ್ನಿಸಿ. ಸಿಕ್ಕ ಪಟ್ಟಿಯಲ್ಲಿ ನಡುವಿನ ಅಂಕಣದಲ್ಲಿರುವುದೇ ಆಜ್ಞೆಗಳಲ್ಲಿ ಬಳಸಬೇಕಾದ ಹೆಸರು. ಮೇಲಿನ ಎಲ್ಲ ಆಜ್ಞೆಗಳಲ್ಲಿ ಹಿಡ್‌ಸರ್ವ್ ತೆಗೆದು ಆ ಹೆಸರು ಹಾಕಿದರೆ ವಿಚಾರಣೆ, ನಿಲುಗಡೆ, ನಿಷೇಧ ಹಾಗೆಯೇ ನಡೆಯುತ್ತವೆ. ಹೆಸರಿನ ನಡುವೆ ಜಾಗವಿದ್ದರೆ ಅದನ್ನು ಜೋಡಿ ಉದ್ಧರಣ ಚಿಹ್ನೆಗಳೊಳಗೆ ಇಡಿ. ಲ್ಯಾಪ್‌ಟಾಪ್‌ಗಳಲ್ಲಿ ಬೆಳಕು ಹೆಚ್ಚು ಕಡಿಮೆ ಮಾಡುವುದು, ಮೌಸ್‌ಪ್ಯಾಡ್ ಆರಿಸುವುದು, ಮೈಕ್ ಮುಚ್ಚುವುದು ಕೆಲವೊಮ್ಮೆ ಇದೇ ಸರ್ವಿಸ್‌ಗೆ ಕಟ್ಟಿರುತ್ತವೆ. ಹಾಗಾಗಿ ಇಲ್ಲಿಯೂ ಮೊದಲು ಬರಿದೇ ನಿಲ್ಲಿಸಿ ಒಂದು ದಿನದ ವ್ಯಾಪಾರ ಮುಗಿಸಿ ನೋಡಿ, ಯಾರಿಂದಲೂ ದೂರು ಬರದಿದ್ದರೆ ಮಾತ್ರ ನಿಷೇಧಕ್ಕೆ ಕೈಹಾಕಿ.